ಗೇಣಗಲ ತೆರೆದ ಕಿಟಕಿ

ಬೆಳಿಗ್ಗೆ ಒಂಬತ್ತೂಕಾಲು. ಹೊಗೆರಾಯರ ಶವವನ್ನು ಮಲಗುವ ಕೋಣೆಯಿಂದ ನಡುಮನೆಗೆ ತಂದು ಮಲಗಿಸಿದರು. ಅಡುಗೆಮನೆಯ ಚಿಮಣಿಗಳು ಹೊಗೆ, ವಾಸನೆಗಳನ್ನು ಎಷ್ಟರಮಟ್ಟಿಗೆ ಎಳೆಯುತ್ತವೆಂದು ಮೂವತ್ತೊಂದು ವರ್ಷ ಪರೀಕ್ಷಿಸಿದ ಮನುಷ್ಯನಿಗೆ ಪ್ರಯೋಗಾಲಯದವರು ಇಟ್ಟ ಹೆಸರದು. ಹೃದಯ ನಿಂತದ್ದು ನಸುಕಿನಲ್ಲಿ, ನಿದ್ದೆಯಲ್ಲೇ.

"ನಮ್ಮ ಭಾವ ಯಾರ ಮನೆ ಊಟಕ್ಕೆ ಹೋದ್ರೂ ಮೊದಲು ಚಿಮಣಿ ಕೆಳಗೆ ಕೈ ಒಡ್ಡೋರು," ಎಂದ ಭಾವಮೈದ. "ತೀರ್ಪು ಮೊದಲು, ಊಟ ಆಮೇಲೆ."

ನಕ್ಕವರು ಶವದ ಕಡೆ ನೋಡಿ ಸುಮ್ಮನಾದರು.

ಪ್ರಯೋಗಾಲಯದ ಮ್ಯಾನೇಜರ್ ರಾಯರ ಸಹಾಯಕಿಯ ಪಕ್ಕಕ್ಕೆ ಸರಿದ. "ನಿನ್ನೆ ವರದಿಗೆ ನಿಮ್ಮ ಸಹಿ ಒಂದು ಬಾಕಿ. ಅವರ ಕೊನೇ ವರದಿ, ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕೋಣ. ಮೂವತ್ತೊಂದು ವರ್ಷ, ಒಂದೇ ಒಂದು ತಪ್ಪಿಲ್ಲ!"

ಅವಳು ಅವರ ಕೈಕೆಳಗೆ ದುಡಿದದ್ದು ಹನ್ನೆರಡು ವರ್ಷ.

*

ಕಿಟಕಿ ಬಾಗಿಲು ಮುಚ್ಚಿ, ಬಿಸಿ ಬಾಣಲೆಗೆ ಘಾಟಿನ ದ್ರವ ಹನಿಸಿ, ಅರ್ಧ ಗಂಟೆ ಚಿಮಣಿ ಓಡಿಸಿ, ಕೋಣೆಯಲ್ಲಿ ಉಳಿದ ವಾಸನೆಯನ್ನು ಮೀಟರಿನಲ್ಲಿ ಅಳೆಯುವುದು ಕ್ರಮ. ಹಿಂದಿನ ಸಂಜೆ ರಾಯರೊಬ್ಬರೇ ಒಳಗಿದ್ದರು. ಚಿಮಣಿಯ ಮಾದರಿ ಪಾಸಾಯಿತು; ಸಹಿ ಹಾಕಿ ಹೊರಬಂದರು. ಬಾಣಲೆ ತೆಗೆಯಲು ಹೋದ ಸಹಾಯಕಿಗೆ ಕಿಟಕಿ ಗೇಣಗಲ ತೆರೆದದ್ದು ಕಂಡಿತು. ವಾಸನೆ ಹೋದದ್ದು ಅಲ್ಲಿಂದ.

ಹೇಳಲು ಓಡಿದಳು. ಅವರು ಮೆಟ್ಟಿಲ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದರು.

"ಏನಮ್ಮಾ?"

"ಏನಿಲ್ಲ ಸಾರ್. ನಾಳೆ ಹೇಳ್ತೀನಿ."

*

ಸಹಿ ಹಾಕಿದರೆ ಸುಳ್ಳು ಪಾಸಾಗುತ್ತದೆ. ಹಾಕದಿದ್ದರೆ ತಪ್ಪು ಸತ್ತವರ ಹೆಸರಿಗೆ ಅಂಟುತ್ತದೆ. ಅವಳು ಅವರ ಹೆಂಡತಿಯ ಪಕ್ಕ ಕುಳಿತಳು.

"ಅಕ್ಕಾ, ನಿನ್ನೆ ಸಾರ್ ಪರೀಕ್ಷೆ ಮಧ್ಯೆ ಕಿಟಕಿ ತೆರೆದಿದ್ರು. ವರದಿ ತಪ್ಪಾಗಿದೆ. ನಾನು ಅದನ್ನ ಬರೀಲೇಬೇಕು."

"ಅವರಾ? ಬೆಂಕಿ ಬಿದ್ರೂ ತೆರೆಯೋ ಆಸಾಮಿ ಅಲ್ಲಮ್ಮ ಅವರು."

"ಕಿಟಕಿ ತೆರೆದಿದ್ದನ್ನ ನಾನೇ ಕಣ್ಣಾರೆ ನೋಡ್ದೆ ಅಕ್ಕಾ."

ಹೆಂಡತಿ ಗಂಡನ ಎದೆಯ ಮೇಲೆ ಅಂಗೈ ಇಟ್ಟಳು.

"ಹಾಗಾದ್ರೆ ಆಗಲೇ ಉಸಿರು ಕಟ್ಟಿತ್ತು ಇವರಿಗೆ. ರಾತ್ರಿ ಮನೆಗೆ ಬಂದಾಗ ಯಾಕ್ರೀ ಸಪ್ಪಗಿದೀರಿ ಅಂತ ಕೇಳ್ದೆ. ಏನಿಲ್ಲ ಕಣೇ ಅಂದ್ರು." ಕೈ ತೆಗೆಯದೆ ಹೇಳಿದಳು: "ಬರಿ. ಇದನ್ನೂ ಸೇರಿಸಿ ಬರಿ."

ಹೊರಗೆ ಶವದ ವಾಹನ ಬಂದು ನಿಂತಿತು.

ಮರುದಿನ ಮಾದರಿಯನ್ನು ಮತ್ತೆ ಪರೀಕ್ಷಿಸಲಾಯಿತು, ಫೇಲಾಯಿತು. ಹಳೆಯ ವರದಿ ರದ್ದಾಗಲು ಕಾರಣವೇನೆಂಬ ಅಂಕಣದಲ್ಲಿ ಸಹಾಯಕಿ ಎರಡು ವಾಕ್ಯ ಬರೆದಳು: ಪರೀಕ್ಷೆಯ ನಡುವೆ ಕಿಟಕಿ ತೆರೆಯಲಾಗಿತ್ತು. ಪರೀಕ್ಷಕರಿಗೆ ಉಸಿರಾಡಲು ಕಷ್ಟವಾಗಿತ್ತು. ಎರಡನೆಯದು ಬೇಡವೆಂದ ಮ್ಯಾನೇಜರ್. ವರದಿ ಎರಡೂ ವಾಕ್ಯಗಳೊಂದಿಗೆ ಹೋಯಿತು.