ತಂದಿಡಾಕಿ

ಇಬ್ಬರ ನಡುವೆ ಜಗಳ ಹಚ್ಚುವ ಹೆಂಗಸಿಗೆ ಯಾದಗಿರಿ ಕಡೆಯ ಕೂಲಿಕಾರರು ತಂದಿಡಾಕಿ ಎನ್ನುತ್ತಾರೆ. ಊರಲ್ಲಾದರೆ ಈ ಹೆಸರು ಬಿದ್ದವಳು ನಾಲ್ಕು ದಿನ ಮುಖ ಊದಿಸಿಕೊಂಡು ಸುಮ್ಮನಾಗಬಹುದು. ಸಾಂತಾಕ್ರೂಜಿನ ಬಿಲ್ಡಿಂಗ್ ಕೆಲಸದಲ್ಲಿ ಹಾಗಲ್ಲ. ತುಂಬಿದ ಬುಟ್ಟಿಯನ್ನು ಎದುರಿನವಳು ಕೈ ಹಚ್ಚಿ ತಲೆಗೆ ಹೊರಿಸಬೇಕು. ತಂದಿಡಾಕಿಗೆ ಯಾರೂ ಹೊರಿಸುವುದಿಲ್ಲ. ಬುಟ್ಟಿ ಏಳದಿದ್ದರೆ ಕೂಲಿಯೂ ಇಲ್ಲ. ಜೊತೆಗೆ ಬುಟ್ಟಿ ಹೊರುವ ಸುಂದ್ರವ್ವನ ಸೊಸೆಯ ವಿಷಯದಲ್ಲಿ ಬಾಯಿ ಹಾಕಿದ ತಪ್ಪಿಗೆ ಮಲ್ಲಕ್ಕ ಎಪ್ಪತ್ತೊಂದರ ಮಳೆಗಾಲವಿಡೀ ಅರೆಹೊಟ್ಟೆಯಲ್ಲಿ ಬದುಕಿದ್ದಳು.

ಅದಕ್ಕೇ ಇಂದು ಅವಳ ನಾಲಿಗೆ ಏಳುತ್ತಿಲ್ಲ. ಬೆಳಿಗ್ಗೆ ಕಣ್ಣಾರೆ ಕಂಡಿದ್ದಾಳೆ: ಮೇಸ್ತ್ರಿ ಮರೆಪ್ಪನ ತಮ್ಮ ಸಾಯಬಣ್ಣ, ಹೊಸ ಹಗ್ಗಕ್ಕೆ ಗೋದಾಮಿಗೆ ಹೋಗಲು ಮೈಗಳ್ಳತನ ಮಾಡಿ, ಸುಣ್ಣದ ಗುಂಡಿಯಲ್ಲಿ ಬಿದ್ದಿದ್ದ ಹಗ್ಗದಿಂದಲೇ ಮೇಲೆ ನಿಂತು ಕೆಲಸ ಮಾಡುವ ಬಿದಿರಿನ ಪರಾಂಚಿ ಕಟ್ಟಿದ. ಸುಣ್ಣ ತಿಂದ ಹಗ್ಗ! ಈಗ ಮರೆಪ್ಪ ಮೂರನೆಯ ಮಾಳಿಗೆಯ ಗಿಲಾವಿಗೆ ಅದನ್ನೇ ಹತ್ತಲು ಹೊರಟಿದ್ದಾನೆ. ಮಲ್ಲಕ್ಕ ಬುಟ್ಟಿ ಕೆಳಗಿಟ್ಟು ಅವನಿಗೆ ಅಡ್ಡ ನಿಂತಳು.

"ಯಣ್ಣಾ, ಹತ್ತಬ್ಯಾಡ. ಹಗ್ಗ ಸುಣ್ಣದಾಗ ಸುಟ್ಟೈತಿ. ನಿನ್ನ ತಮ್ಮ ಅದನ್ನ ಕಟ್ಟಿದ್ದು ನಾ ನೋಡೀನಿ."

ಮರೆಪ್ಪ ತಮ್ಮನತ್ತ ತಿರುಗಿದ. ಸಾಯಬಣ್ಣನ ಮುಖ ಕೆಂಪಾಯಿತು.

"ಮತ್ತ ಸುರು ಮಾಡಿದಿ? ಅಣ್ತಮ್ಮರ ನಡುವೆ ತಂದಿಡ್ತಿ? ನಾನಽ ಹತ್ತತೀನಿ. ಹರದ್ರ ನೋಡಕೊಳ್ಳಿ!"

ಹತ್ತಿಯೇ ಬಿಟ್ಟ. ಬಿದಿರು ಕಿರುಗುಟ್ಟಿತು. ಹೆಂಗಸರೆಲ್ಲ ಹಗ್ಗ ನೋಡಲಿಲ್ಲ, ಮಲ್ಲಕ್ಕನ ಮುಖ ನೋಡಿದರು. ಹಗ್ಗ ತಡೆದರೆ ಅವಳ ಅನ್ನ ಹೋಯಿತು. ಹರಿಯಲಿ, ಎಂದಿತು ಅವಳ ಮನಸ್ಸು. ಒಂದೇ ಕ್ಷಣ. ತನ್ನೊಳಗಿನ ಆ ದನಿಗೆ ಅವಳು ಎಂಥ ದೆವ್ವಕ್ಕೂ ಹೆದರದಷ್ಟು ಹೆದರಿದಳು. ಮೇಲೆ ಹುಡುಗ ಸಿಟ್ಟಿನಲ್ಲಿ ಹಲಗೆಯ ಮೇಲೆ ಕುಣಿಯತೊಡಗಿದ್ದ.

"ಇಳಿಯೋ ಯಪ್ಪಾ!" ಎಂದು ಕಿರುಚಿದಳು. "ನಾ ಸುಳ್ಳ ಹೇಳೀನಿ! ನಾ ಏನೂ ನೋಡಿಲ್ಲ! ನಾ ತಂದಿಡಾಕಿ ಅದೀನಿ, ಇಳಿ!"

ಸಾಯಬಣ್ಣ ನಗುತ್ತಾ ಇಳಿದು ಬಂದ. ಸುಂದ್ರವ್ವ ಥೂ ಎಂದು ಉಗಿದಳು. ಹುಡುಗ ಜೀವಂತ ನೆಲ ಮುಟ್ಟಿದನಲ್ಲ, ಅಷ್ಟು ಸಾಕಾಯಿತು ಮಲ್ಲಕ್ಕನಿಗೆ. ಕಣ್ಣು ಮುಚ್ಚಿ ಉಸಿರು ಬಿಟ್ಟಳು.

ಕಣ್ಣು ತೆರೆದಾಗ ಮರೆಪ್ಪ ಕರಣಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಾರೆಯ ಭಾರದ ಬುಟ್ಟಿ ಹೊತ್ತು, ಅದೇ ಬಿದಿರಿನ ಮೇಲೆ ಕಾಲಿಟ್ಟಿದ್ದ.

"ಯಣ್ಣಾ, ಬ್ಯಾಡ! ಹಗ್ಗ ಖರೇನೇ ಸುಟ್ಟೈತಿ!"

ಯಾರೂ ತಿರುಗಿ ನೋಡಲಿಲ್ಲ.