ಎದೆಯಿಂದ ನಾಲ್ಕು ಬೆರಳು ಮೇಲೆ

ನಾನು ಏಳು ಅಡಿ ಉದ್ದದ, ಇಪ್ಪತ್ತು ಕಿಲೋ ತೂಕದ ಒಂದು ಕಬ್ಬಿಣದ ರಾಡು. ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ. ಮೌಲಾಸಾಬರು ನನ್ನ ಮೈಯನ್ನೆಲ್ಲ ನುಣುಪು ಮಾಡಿ, ಕೈ ಹಿಡಿಯುವ ಕಡೆ ಮಾತ್ರ ಒರಟು ಗೆರೆ ಕೊರೆದರು. "ಯಾರ ಕೈಯಾಗೂ ಜಾರಬ್ಯಾಡಪಾ" ಎಂದು ಬೆನ್ನು ತಟ್ಟಿ ಕಳಿಸಿದರು.

ಗದಗಿನ ಹತ್ತಿ ಮಾರುಕಟ್ಟೆಯ ಹಿಂದೆ ಸಿದ್ರಾಮಪ್ಪ ಮಾಸ್ತರರ ವ್ಯಾಯಾಮಶಾಲೆ. ಕಿಟಕಿಯ ಪಕ್ಕದ ಬೆಂಚಿನ ಸ್ಟ್ಯಾಂಡಿನ ಮೇಲೆ ನನ್ನ ಜಾಗ. ಬೆಂಚಿನ ಮೇಲೆ ಮಲಗಿದವರು ನನ್ನನ್ನು ಎದೆಗೆ ಇಳಿಸಿ, ಮೇಲಕ್ಕೆ ನೂಕಬೇಕು. ದಿನಕ್ಕೆ ಮೂವತ್ತು ಜೋಡಿ ಕೈ. ಅವುಗಳಲ್ಲಿ ನನಗೆ ಬಲು ಇಷ್ಟವಾದವು ಹಮಾಲಿ ಅಂದಾನಪ್ಪನವು. ಹಲಗೆಯಂಥ ಅಂಗೈ! ನನ್ನ ಎರಡು ತುದಿಗೆ ನೂರು ಕಿಲೋ ತೂಕದ ಬಿಲ್ಲೆ ಏರಿಸಿ, ಒಟ್ಟು ನೂರಿಪ್ಪತ್ತನ್ನು ಅವನು ಎತ್ತುತ್ತಿದ್ದ. ಸುತ್ತ ನಿಂತವರು ಭಲೇ ಎನ್ನುತ್ತಿದ್ದರು.

ಆದರೆ ಅವನು ನನ್ನನ್ನು ಎಂದೂ ಎದೆಯವರೆಗೆ ಇಳಿಸಿದವನಲ್ಲ. ನಾಲ್ಕು ಬೆರಳು ಮೇಲೆಯೇ ನಿಲ್ಲಿಸಿ ವಾಪಸ್ ನೂಕುತ್ತಿದ್ದ. ಆ ಜಾಗಕ್ಕೆ ಬಂದಾಗ ಅವನ ಅಂಗೈ ಒದ್ದೆಯಾಗುವುದು ನನಗಷ್ಟೇ ಗೊತ್ತಿತ್ತು.

ತಾಲೂಕು ಸ್ಪರ್ಧೆ ನಮ್ಮ ಅಂಗಳದಲ್ಲೇ ಎಂದು ಗೊತ್ತಾದ ವಾರ ಮಾಸ್ತರರು ಕೇಳಿದರು: "ಅಂದಾನಿ, ಎದಿಗೆ ಮುಟ್ಟಸ್ತೀಯೇನು? ಇಲ್ಲಾಂದ್ರ ಅಲ್ಲಿ ಎಣಸೂದಿಲ್ಲ."

"ಮುಟ್ಟಸ್ತೀನ್ರೀ ಮಾಸ್ತರ!"

ಮಾಸ್ತರರು ನನ್ನ ನಡುವಿಗೆ ಸೀಮೆಸುಣ್ಣ ಬಳಿದರು. ಅಂದಾನಪ್ಪ ಐದು ಸಲ ಎತ್ತಿ ಎದ್ದು ನಿಂತ. ಅವನ ಕರಿ ಬನಿಯನ್ ಮೇಲೆ ಬಿಳಿ ಗೆರೆಯೇ ಇಲ್ಲ. ಎಲ್ಲರೂ ನಕ್ಕರು. ಅವನು ಅಂಗಿಯನ್ನು ಹೆಗಲಿಗೆ ಹಾಕಿಕೊಂಡು ಹೊರಟೇಹೋದ.

ಹನ್ನೆರಡು ದಿನ ಬರಲಿಲ್ಲ. ನನಗೆ ಬೇಸರವಾಯಿತು. ಹದಿಮೂರನೆಯ ದಿನ ಬೆಳಿಗ್ಗೆ ಮಾಸ್ತರರೊಬ್ಬರೇ ಕಸ ಗುಡಿಸುತ್ತಿದ್ದಾಗ ಬಂದು, ಬೆಂಚಿನ ತುದಿಯಲ್ಲಿ ಕೂತ.

"ಮೂರು ವರ್ಷದ ಹಿಂದ ಗೋದಾಮಿನ್ಯಾಗ ಹತ್ತಿ ತುಂಬಿದ ಅಂಡಿಗಿ ಎದಿ ಮ್ಯಾಲ ಬಿತ್ರೀ. ನಾಕು ಮಂದಿ ಬಂದು ಎತ್ತೂತನಾ ಉಸಿರ ಇರಲಿಲ್ಲ. ಈಗ ಏನರ ಎದಿ ಹತ್ರ ಬಂತಂದ್ರ ಕೈ ತಾವ ನಿಂತುಬಿಡ್ತಾವ."

ಮಾಸ್ತರರು ಪೊರಕೆ ಕೆಳಗಿಟ್ಟರು. "ಮೊದಲ ಹೇಳಬಾರದೇನೋ? ನಾ ಸುಮ್ಮನ ಮಂದಿ ಮುಂದ ನಿನ್ನ ನಗಿಪಾಟಲ ಮಾಡಿದೆ. ತಪ್ಪಾತು. ಮಕ್ಕೊ."

ನನ್ನ ಬಿಲ್ಲೆಗಳನ್ನೆಲ್ಲ ಕಳಚಿದರು. ಎರಡು ಟವೆಲ್‌ಗಳನ್ನು ನಾಲ್ಕು ಬೆರಳು ದಪ್ಪಕ್ಕೆ ಮಡಚಿ ಅವನ ಎದೆಯ ಮೇಲಿಟ್ಟರು. "ಟವೆಲ್ಲಿಗೆ ಮುಟ್ಟಸು. ಅಷ್ಟ ಸಾಕು. ನಾ ಇಲ್ಲೇ ಹಿಡ್ಕೊಂಡು ನಿಂತೀನಿ."

ನೂರಿಪ್ಪತ್ತು ಕಿಲೋ ಎತ್ತುವ ಗಂಡು ಬರೀ ಇಪ್ಪತ್ತಕ್ಕೆ ನಡುಗಿದ. ಆದರೂ ಮುಟ್ಟಿಸಿದ. ನಾಲ್ಕಾರು ದಿನಕ್ಕೊಮ್ಮೆ ಟವೆಲ್ಲಿನ ಒಂದು ಮಡಿಕೆ ಬಿಚ್ಚಿತು. ಜೊತೆಯವರು "ಪೈಲ್ವಾನ ಹಾಸಿಗಿ ಹಾಸ್ಕೊಂಡು ಮಕ್ಕೊಂಡಾನ" ಎಂದು ಕೆಣಕಿದರು. ಅವನೂ ಅವರ ಜೊತೆ ನಕ್ಕ. ಒಂದು ದಿನ ಟವೆಲ್ಲೇ ಇರಲಿಲ್ಲ. ಮೊದಲ ಸಲ ನಾನು ಆ ಎದೆಯ ಮೇಲೆ ಕೂತೆ. ಒಳಗೆ ಗಿರಣಿ ಓಡುವಂತೆ ಸದ್ದು. ಮಾಸ್ತರರು "ಒಂದು… ಎರಡು… ನೂಕು!" ಎಂದರು. ಮೊಣಕೈ ನೆಟ್ಟಗಾಗುವವರೆಗೆ ಅವನು ನನ್ನನ್ನು ನೂಕಿದ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

ಆಮೇಲೆ ಬಿಲ್ಲೆಗಳು ಒಂದೊಂದಾಗಿ ಮರಳಿದವು. ಸ್ಪರ್ಧೆಯ ದಿನ ಅವನು ಬರೆಸಿದ್ದು ಎಂಬತ್ತೈದು ಕಿಲೋ. ಎದೆಗೆ ಮುಟ್ಟಿ ನಿಂತೆ. ತೀರ್ಪುಗಾರರು ಹೇಳಿದ ಮೇಲೆಯೇ ಎದ್ದೆ. ಮೂವರು ತೀರ್ಪುಗಾರರೂ ಸರಿಯೆಂದು ಬಿಳಿ ಬಾವುಟ ಎತ್ತಿದರು! ಬಂದದ್ದು ನಾಲ್ಕನೆಯ ಸ್ಥಾನ. ಅವನು ಮಾತ್ರ ಗೆದ್ದವರನ್ನೂ ಸೇರಿಸಿ ಎಲ್ಲರಿಗೂ ಮಿರ್ಚಿ ಬಜ್ಜಿ ಹಂಚಿದ.

ವರ್ಷಗಳಾದವು. ನನ್ನ ನಡು ತುಸು ಬಾಗಿತು. ವ್ಯಾಯಾಮಶಾಲೆಗೆ ಹೊಳೆಯುವ ಹೊಸ ರಾಡುಗಳು ಬಂದವು. ಮಾಸ್ತರರನ್ನು ಕೇಳಿ ಅಂದಾನಪ್ಪ ನನ್ನನ್ನು ಮನೆಗೆ ತಂದ. ಅವನ ಹೆಂಡತಿ ರತ್ನವ್ವ ಸೊಂಟದ ಮೇಲೆ ಕೈಯಿಟ್ಟು, "ಈ ಕಬ್ಬಣ ತಂದು ಎಲ್ಲಿಡಾವ್ರು?" ಎಂದಳು. ಕೊನೆಗೆ ಹಿತ್ತಲಲ್ಲಿ ಸೊಂಟದೆತ್ತರದ ಎರಡು ಕವಲುಗೂಟಗಳ ಮೇಲೆ ಇಟ್ಟು, ಬಟ್ಟೆ ಒಣಹಾಕತೊಡಗಿದಳು.

ಮುಪ್ಪಿನಲ್ಲಿ ಇಷ್ಟೇ ಕೆಲಸವೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ಆದರೆ ಕಳೆದ ತಿಂಗಳಿಂದ ಒಂದು ಗಮ್ಮತ್ತು ನಡೆದಿದೆ. ಗಂಡ ಮಾರುಕಟ್ಟೆಗೆ ಹೋದ ಮೇಲೆ ರತ್ನವ್ವ ಹಿತ್ತಲ ಬಾಗಿಲ ಚಿಲಕ ಹಾಕುತ್ತಾಳೆ. ನನ್ನ ಮೇಲೆ ಒಣಹಾಕಿದ ಬಟ್ಟೆ ತೆಗೆದು, ಸೆರಗು ಬಿಗಿದು, ನನ್ನ ಕೆಳಗೆ ಹಲಗೆಬೆಂಚು ಎಳೆದು ಮಲಗುತ್ತಾಳೆ. ಎದೆಗೆ ಮುಟ್ಟಿಸಿ, ತೋಳು ಪೂರ್ತಿ ಚಾಚಿ ಎತ್ತುತ್ತಾಳೆ. ಹೆದರಿಕೆಯ ಸುಳಿವೂ ಇಲ್ಲ. ನಿನ್ನೆ ಹನ್ನೊಂದು ಸಲ ಎತ್ತಿದಳು.

ಎದ್ದು ಕೂತು, ತನ್ನ ತೋಳನ್ನು ತಾನೇ ಒತ್ತಿ ನೋಡಿಕೊಂಡು, "ಅಡ್ಡಿ ಇಲ್ಲ" ಎಂದಳು. ಆಮೇಲೆ ರೊಟ್ಟಿ ತಟ್ಟಲು ಒಳಗೆ ಹೋದಳು.