ಜ್ವರ ಬಂದ ದಾರಿ

ಬಸ್ಸು ತಿಪಟೂರು ದಾಟಿದರೂ ಯೋಗಿತಾಳ ಕಾಲು ಸುಮ್ಮನಿರಲಿಲ್ಲ. ಪಕ್ಕದ ಸೀಟಿನ ಅಜ್ಜಿ ಕುಣಿಯುತ್ತಿದ್ದ ಆ ಮೊಣಕಾಲನ್ನು ದುರುಗುಟ್ಟಿ ನೋಡಿ ತನ್ನ ಚೀಲವನ್ನು ಆಚೆಗೆ ಎಳೆದುಕೊಂಡಳು. ಹುಡುಗಿ ಮಾತ್ರ ಕಿಟಕಿಯಾಚೆಯ ತೋಟಗಳನ್ನು ನೋಡುತ್ತ ಒಬ್ಬಳೇ ನಗುತ್ತಿದ್ದಳು. ನಗದೆ ಏನು ಮಾಡಿಯಾಳು? ಬೆಂಗಳೂರಿನ ಲ್ಯಾಬಿನಲ್ಲಿ ಮಳೆಗಾಲವಿಡೀ ಜ್ವರದವರ ಗಂಟಲಿನಿಂದ ತೆಗೆದ ವೈರಸ್‌ಗಳ ಜೀನ್ ಓದಿ ಓದಿ, ನೆನ್ನೆ ಅವಳಿಗೆ ಉತ್ತರ ಸಿಕ್ಕಿತ್ತು.

ಹಂದಿ ಜ್ವರದ ಸುದ್ದಿ ಟಿವಿ ತುಂಬ ಹರಿದಾಡಿದ ವರ್ಷ ಅದು. ಅವಳೂರು ಹೊನ್ನವಳ್ಳಿಯ ಟೈಲರ್ ನೂರ್ ಅಹಮದರ ಮಗ ಉಮರ್ ದುಬೈಯಿಂದ ಜ್ವರದಲ್ಲೇ ಬಂದಿಳಿದ; ಅದರ ಹಿಂದೆಯೇ ಊರಿನ ಅರ್ಧ ಜನ ಹಾಸಿಗೆ ಹಿಡಿದರು. ಊರಿಗೆ ಇನ್ನೇನು ಬೇಕು? ಅವನೇ ತಂದ ಎಂದಾಯಿತು. ಹೊಲಿಯಲು ಕೊಟ್ಟವರು ಬಟ್ಟೆಯನ್ನು ಹಾಗೆಯೇ ವಾಪಸು ಇಸಿದುಕೊಂಡರು. ನೂರ್ ಅಹಮದ್ ಅಂಗಡಿ ಮುಚ್ಚಿ ಊರು ಬಿಡುತ್ತಾರಂತೆ ಎಂದು ಕೇಳಿದಾಗಿನಿಂದ ಯೋಗಿತಾ ರಾತ್ರಿಯೂ ಲ್ಯಾಬು ಬಿಟ್ಟು ಕದಲಿರಲಿಲ್ಲ.

ಮನೆಗೆ ಬಂದವಳು ನೀರೂ ಕುಡಿಯದೆ ಒಲೆಯಿಂದ ಇದ್ದಿಲು ತಂದು ಜಗಲಿಯ ಮೇಲೆ ಗೆರೆ ಎಳೆಯತೊಡಗಿದಳು. ವೈರಸ್ ಒಬ್ಬರಿಂದೊಬ್ಬರಿಗೆ ದಾಟುವಾಗ ಜೀನಿನಲ್ಲಿ ಆಗೀಗ ಸಣ್ಣದೊಂದು ಬದಲಾವಣೆ ಆಗುತ್ತದೆ, ಅದು ಮುಂದಿನವರಿಗೂ ಹೋಗುತ್ತದೆ, ಹಾಗಾಗಿ ಯಾವುದು ಯಾವುದರ ಮರಿ ಎಂದು ಗುರುತಿಸಬಹುದು ಎಂದು ತಾಯಿ ನಿಂಗಮ್ಮನಿಗೆ ಒಂದೇ ಉಸಿರಿನಲ್ಲಿ ವಿವರಿಸಿದಳು. ಉಮರನದು ಬೇರೆಯೇ ಬಳ್ಳಿ. ಊರಿನ ಜ್ವರ ವಿಮಾನದಲ್ಲಿ ಬಂದದ್ದಲ್ಲ, ಬೇಸಿಗೆಯಿಂದಲೂ ಈ ಸೀಮೆಯಲ್ಲೇ ಸುತ್ತುತ್ತಿದ್ದದ್ದು. ನಮ್ಮಂಥ ಬಿಸಿಲ ನಾಡಿನಲ್ಲಿ ಅದು ವರ್ಷವಿಡೀ ಊರಿಂದೂರಿಗೆ ಬದುಕಿಕೊಂಡಿರುತ್ತದೆ ಎಂದು ಅವಳು ಹೇಳಿದಾಗ ನಕ್ಕಿದ್ದ ಲ್ಯಾಬಿನ ಹಿರಿಯರೇ ನೆನ್ನೆ ಕುರ್ಚಿ ಬಿಟ್ಟು ಎದ್ದು ಬಂದು ನೋಡಿದ್ದರು.

"ನೋಡವ್ವ, ಮೊದ್ಲು ಕೆಂಕೆರೆ, ಆಮೇಲೆ ಅರಳಗುಪ್ಪೆ, ಅಲ್ಲಿಂದ ನಮ್ಮೂರು."

ನಿಂಗಮ್ಮ ಗೆರೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಅವಳು ಮನೆಮನೆಯ ಅಟ್ಟದಲ್ಲಿ ಒಣಗಿದ ತೆಂಗಿನಕಾಯಿ ಇಳಿಸಿ, ಕರಟ ಒಡೆದು ಕೊಬ್ಬರಿ ಬಿಡಿಸುವ ಹೆಂಗಸರ ತಂಡದವಳು. ಅಟ್ಟಕ್ಕೆ ಏಣಿ ಹಾಕಿದ ಮೇಲೆ ಅದು ಬರಿದಾಗುವವರೆಗೆ ಒಬ್ಬರೂ ಕೆಲಸ ಬಿಡುವಂತಿಲ್ಲ, ಬಿಟ್ಟರೆ ಆ ಮನೆಗೆ ಒಳ್ಳೆಯದಲ್ಲ ಎಂಬುದು ಅವರ ಕಟ್ಟಳೆ. ಈ ಸಲದ ಜ್ವರದಲ್ಲಿ ಮೈ ಕೆಂಡವಾಗಿದ್ದರೂ ಅವಳು ಸೆರಗು ಬಿಗಿದು ಕೂತಿದ್ದಳು. ನೀರಿನ ಚೊಂಬೂ ಎಲ್ಲರಿಗೂ ಒಂದೇ.

"ಕೆಂಕೆರೆ ಅಟ್ಟ ಮುಗಿಸ್ಕಂಡು ಅರಳಗುಪ್ಪೆಗೆ ಹೋದ್ವಿ. ಅಲ್ಲಿಂದ ಮನೇಗ್ ಬಂದೆ. ಇದು ನಮ್ ತಂಡ ಕಣೇ" ಎಂದಳು.

ಯೋಗಿತಾಳ ಕೈ ನಿಂತಿತು. ದುಬೈಯಿಂದ ಬಂದವನೆಂದು ಬರೆದಿದ್ದ ಉಮರನದೊಂದನ್ನು ಬಿಟ್ಟರೆ, ಲ್ಯಾಬಿಗೆ ಬಂದ ಸೀಸೆಗಳ ಮೇಲೆ ಊರಿನ ಹೆಸರಿತ್ತೇ ಹೊರತು ಜನರದಲ್ಲ. ಇದು ಗೊತ್ತಾದರೆ ಇನ್ನು ಯಾವ ತೋಟದವರು ಅವ್ವನ ತಂಡವನ್ನು ಅಟ್ಟ ಹತ್ತಿಸಿಯಾರು? ಉಮರ್ ತಂದದ್ದಲ್ಲ ಎಂದಷ್ಟೇ ಹೇಳೋಣ, ಉಳಿದದ್ದು ನಮ್ಮೊಳಗೇ ಇರಲಿ ಎಂದು ಮೆಲ್ಲಗೆ ಹೇಳಿನೋಡಿದಳು.

"ಅವ್ನಲ್ಲ ಅಂದ್ರೆ ಇನ್ಯಾರು ಅಂತಾರೆ. ಇನ್ನೊಬ್ಬರ ಮನೆ ಮುಂದೆ ಹೋಗಿ ನಿಂತ್ಕತಾರೆ" ಎಂದ ನಿಂಗಮ್ಮ ಟ್ರಂಕು ತೆರೆದು ಹೊಸ ರವಿಕೆ ಕಣವೊಂದನ್ನು ಕಂಕುಳಿಗೆ ಇಟ್ಟುಕೊಂಡು ಹೊರಟೇಬಿಟ್ಟಳು; ಯೋಗಿತಾ ಹಿಂದೆಯೇ ಓಡಿದಳು.

ಟೈಲರ್ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ಜನವಿತ್ತು. "ಜ್ವರ ತಂದೋಳು ನಾನು ಕಣ್ರಪ್ಪ. ದುಬೈಯಿಂದ ಅಲ್ಲ, ಕೆಂಕೆರೆಯಿಂದ. ಬೇಕಾದ್ರೆ ನನ್ ಮಗಳನ್ನ ಕೇಳಿ" ಎಂದು ಹೇಳಿ ನಿಂಗಮ್ಮ ಟೈಲರ್ ಅಂಗಡಿಯೊಳಗೆ ಹೋದಳು. ಎಲ್ಲರೂ ಯೋಗಿತಾಳತ್ತ ತಿರುಗಿದರು. ಅವಳಿಗೆ ಅವ್ವನ ಮೇಲೆ ಹೆಮ್ಮೆ ಉಕ್ಕಿ ಬಂತು. ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತ ಕೆಂಕೆರೆಯಿಂದ ಹೇಳಲು ಶುರುಮಾಡಿದಳು.

ಒಳಗೆ ನೂರ್ ಅಹಮದರ ಹೆಂಡತಿ ಗುಲ್ಷನ್ ಮೊದಲು ಬಟ್ಟೆಯನ್ನು ನೋಡಿದಳು, ಆಮೇಲೆ ನಿಂಗಮ್ಮನನ್ನು. ಮೊಳೆಯಿಂದ ಟೇಪು ತೆಗೆದು ಅವಳ ತೋಳಿಗೆ ಹಿಡಿದಳು.

"ತೋಳು ಇಷ್ಟುದ್ದ ಸಾಕಾ ಅಕ್ಕಾ?"

"ಇನ್ನೊಂದ್ ಬೆರಳು ಬುಡವ್ವ" ಎಂದಳು ನಿಂಗಮ್ಮ.